ಪೆಟ್ಟು ತಿಂದ ಸೀಟು

ಅಪಘಾತವಾದ ಗಾಡಿ ರಿಪೇರಿಯಾದ ಮೇಲೆ, ಯಾವ ಸೀಟಿನ ಕಡೆ ಪೆಟ್ಟು ಬಿದ್ದಿತ್ತೋ ಅದೇ ಸೀಟಿನಲ್ಲಿ ಮಿಸ್ತ್ರಿ ಕೂಡಬೇಕು, ಉಸ್ತಾದರು ಗಾಡಿ ಹೊಡೆಯಬೇಕು. ಇದು ನಮ್ಮ ಉಸ್ತಾದರ ಕಾಯದೆ. ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿದ್ದ ಅವರ ಶೆಡ್ಡಿನಲ್ಲಿ ನಾನು ಗುದ್ದಿದ ತಗಡು ನೆಟ್ಟಗೆ ಮಾಡುವ ಡೆಂಟಿಂಗ್ ಕೆಲಸ ಕಲಿತೆ. ಆ ಸವಾರಿ ಮುಗಿಯದೆ ಅಲ್ಲಿಂದ ಒಂದು ಗಾಡಿಯೂ ಮಾಲೀಕನ ಕೈಗೆ ಹೋಗಲಿಲ್ಲ. ಉಸ್ತಾದರು ಬೇಕಂತಲೇ ಕೆಟ್ಟ ರಸ್ತೆ ಹಿಡಿಯುತ್ತಿದ್ದರು. ಕಿಟಕಿ ಏರಿಸಿ, ಬಾಯಿ ಮುಚ್ಚಿಕೊಂಡು ಕೂಡಲು ಹೇಳಿ, ಕಿವಿಗೊಟ್ಟು ಕೇಳುತ್ತಿದ್ದರು. ಎಲ್ಲಾದರೂ ಕಿರ್ ಅಂದರೆ, ಕಟ್ ಅಂದರೆ, "ಗಾಡಿ ಮಾತಾಡ್ಲಾಕತ್ತದ" ಅಂತ ಹೇಳಿ ಸ್ಟೇರಿಂಗು ತಿರುಗಿಸುತ್ತಿದ್ದರು. ಮಾತಾಡುವ ಗಾಡಿ ಮತ್ತೆ ಶೆಡ್ಡಿಗೇ ಬರಬೇಕು. ಬಾಗಿಲು ಬಿಚ್ಚು, ಮತ್ತೆ ಬಡಿ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಇದನ್ನು ನಾಚಿಕೊಂಡು ಹೇಳುವ ರೂಢಿ ನನಗಿಲ್ಲ. ಶಾಲೆಯ ಕಿಟಕಿಯಿಂದ ಉಸ್ತಾದರ ಶೆಡ್ಡು ಕಾಣುತ್ತಿತ್ತು. ಮಾಸ್ತರರ ಮಾತಿಗಿಂತ ಆ ಸುತ್ತಿಗೆ ಸದ್ದು ನನಗೆ ಚೆನ್ನಾಗಿ ತಿಳಿಯುತ್ತಿತ್ತು, ಹೋದೆ, ಅಷ್ಟೇ. ಮುಂದೆ ವರ್ಷಗಳಾದ ಮೇಲೆ ಹೊಸ ನಮೂನೆಯ ಗಾಡಿಗಳ ಕೆಲಸ ಕಲಿಯಲು ಹೈದರಾಬಾದಿನಲ್ಲಿ ಒಂದು ತರಬೇತಿಗೆ ಸೇರಿದಾಗ, ಅಲ್ಲಿನ ಸಾಹೇಬರು ಎಲ್ಲರನ್ನೂ ಎಲ್ಲಿ ಓದಿದಿರಿ ಅಂತ ಕೇಳುತ್ತ ಬಂದರು. ಐಟಿಐ ಅಂದವರು ಇದ್ದರು, ಡಿಪ್ಲೊಮಾ ಅಂದವರು ಇದ್ದರು. ನಾನು "ಸ್ಟೇಶನ್ ಬಜಾರ" ಅಂದೆ. ಅವರು ನಕ್ಕರು. ನಾನು ನಗಲಿಲ್ಲ.

ಕೆಲಸ ಪೂರಾ ಕೈಗೆ ಹತ್ತಿದ ದಿನ ಉಸ್ತಾದರು ತಮ್ಮ ಸ್ವಂತ ಸುತ್ತಿಗೆ, ನಮ್ಮ ಮಾತಿನಲ್ಲಿ ಹಥೋಡಿ, ನನಗೆ ಕೊಟ್ಟರು. ಹಿಡಿಕೆಗೆ ಮಲ್ಲಿಗೆ ಸುತ್ತಿ, ಓಣಿಯ ಶೆಡ್ಡುಗಳಿಗೆಲ್ಲ ಸಕ್ಕರೆ ಹಂಚಿ, ಎಲ್ಲರ ಎದುರಿಗೆ ಕೊಟ್ಟರು. ನಮ್ಮ ಧಂದೆಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ. ಮನೆಯಲ್ಲಿ ಗಂಡುಮಗನಿಲ್ಲದ ಉಸ್ತಾದರು ಅವತ್ತಿನಿಂದ ನನ್ನನ್ನು ಬೇಟಾ ಅನ್ನತೊಡಗಿದರು. ಇನ್ನೊಂದು ಮಾತೂ ಇದೆ. ಉಸ್ತಾದ ಆ ಹಥೋಡಿಯನ್ನು ತಿರುಗಿ ಕೇಳಿದರೆ ಸಂಬಂಧ ಮುಗಿಯಿತು, ಕಲಿತವನು ಇನ್ನು ಅವನ ಶಾಗಿರ್ದ, ಅಂದರೆ ಶಿಷ್ಯ, ಅಲ್ಲ. ಹಾಗೆ ತಿರುಗಿ ಕೇಳಿದ ಸುದ್ದಿ ಕಿವಿಗೆ ಬಿದ್ದಿತ್ತು, ನಾನು ಕಣ್ಣಾರೆ ನೋಡಿರಲಿಲ್ಲ.

ಈಗ ನನ್ನ ಶೆಡ್ಡು ನಂದೂರಿನಲ್ಲಿದೆ, ಎರಡು ದಾಲ್ ಮಿಲ್ಲುಗಳ ನಡುವೆ. ಹಸಿ ಬಣ್ಣದ ಮೇಲೆ ಬೇಳೆ ಧೂಳು ಕೂಡುತ್ತದೆ ಅಂತ ನನ್ನ ಜೋಡಿ ಕೆಲಸ ಮಾಡುವ ಪೇಂಟರ್ ದಿನಾ ಒಮ್ಮೆ ಆ ಮಿಲ್ಲುಗಳಿಗೆ ಶಾಪ ಹಾಕಿ, ಮಧ್ಯಾಹ್ನ ಅದೇ ಬೇಳೆ ತಿಂದು ಮಲಗುತ್ತಾನೆ. ಶೆಡ್ಡಿನ ಬೋರ್ಡಿನ ಮೇಲೆ ನನ್ನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಉಸ್ತಾದರ ಹೆಸರಿದೆ, ಇಂಥವರ ಶಾಗಿರ್ದ ಅಂತ. ಹಥೋಡಿ ಒಳಗಿನ ಗೋಡೆಗೆ ಒಂದು ಮೊಳೆಗೆ ನೇತಾಡುತ್ತಿತ್ತು. ತೂಗುಹಾಕಿ ಪೂಜಿಸಲು ಅಲ್ಲ, ದಿನಾ ಅದರಿಂದಲೇ ಕೆಲಸ.

ಉಸ್ತಾದರು ಶೆಡ್ಡು ಬಂದ್ ಮಾಡಿ ಕಮಲಾಪುರದಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ಅಳಿಯನದು ಅಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ. ಹೊಸ ಗಾಡಿ ತಗೊಂಡಿದ್ದರು. ಒಂದು ದಿನ ಗಂಡ ಹೆಂಡತಿ ಕಲಬುರಗಿಗೆ ಬರುವಾಗ, ಹೊಲದ ದಾರಿಯಿಂದ ತೊಗರಿ ಚೀಲ ಹೇರಿದ ಟ್ರ್ಯಾಕ್ಟರ್ ಏಕ್ದಂ ರಸ್ತೆಗೆ ಏರಿತು. ಟ್ರ್ಯಾಲಿಯ ಮೂಲೆ ಗಾಡಿಯ ಎಡ ಮಗ್ಗುಲಿಗೆ ನಾಟಿತು. ಎಡಗಡೆ ಮುಂದಿನ ಸೀಟಿನಲ್ಲಿದ್ದವಳು ಉಸ್ತಾದರ ಮಗಳು. ಏರ್‌ಬ್ಯಾಗು ತೆರೆದುಕೊಂಡಿತು. ಬಳೆ ಒಡೆದವು, ಭುಜ ಬಾತುಕೊಂಡಿತು, ಅಷ್ಟರಲ್ಲೇ ಉಳಿದಳು.

ಆ ಗಾಡಿಯನ್ನು ಕ್ರೇನಿಗೆ ಕಟ್ಟಿಕೊಂಡು ನನ್ನ ಶೆಡ್ಡಿಗೆ ತಂದರು. ಕ್ರೇನಿನಲ್ಲಿ ಡ್ರೈವರನ ಬಾಜೂಕ ಉಸ್ತಾದರೇ ಕೂತಿದ್ದರು, ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಅಂಗಿ, ಮದುವೆಗೆ ಬಂದ ಹಾಗೆ. ಅಳಿಯನೂ ಜೋಡಿ ಬಂದಿದ್ದ. ಉಸ್ತಾದರು ಇಳಿದವರೇ ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಎರಡು ಬಾಗಿಲುಗಳ ನಡುವೆ ಮಾಡಿಗೆ ಆಸರೆಯಾಗಿ ನಿಲ್ಲುವ ಕಂಬ ಇರುತ್ತದಲ್ಲ, ನಾವು ಪಿಲ್ಲರ್ ಅನ್ನುತ್ತೇವೆ, ಅದು ಒಳಗೆ ಬಗ್ಗಿತ್ತು. ಅದರ ಮೇಲೆ ಅಂಗೈ ಆಡಿಸಿದರು.

"ಏನಿಲ್ಲ ಬೇಟಾ. ಗ್ಯಾಸಿನ ಬೆಂಕಿ ತೋರ್ಸು, ಜಗ್ಗು, ಬಡಿ. ಮುಗೀತು."

ನಾನು ಚಹಾ ತರಿಸಿದೆ. ಅವರು ಅರ್ಧ ಕುಡಿದರು. ಆಮೇಲೆ ಹೇಳಿದೆ, "ಇದು ಬಡಿಯಾಕ ಬರಂಗಿಲ್ರಿ ಉಸ್ತಾದ್. ಕೊಯ್ದು ತೆಗೀಬೇಕು. ಹೊಸಾ ಪಿಲ್ಲರ್ ತರ್ಸಿ ಕೂಡಿಸ್ಬೇಕು."

"ಕೊಯ್ಯೂದಾ?"

"ಹೌದ್ರಿ."

ಉಸ್ತಾದರು ಕಪ್ಪು ಕೆಳಗಿಟ್ಟರು. ಅವರ ಹಿಂದೆ ನಿಂತಿದ್ದ ಅಳಿಯನ ಮುಖ ಇಳಿಯಿತು.

ನಮ್ಮ ಕಡೆ 'ಕಟಿಂಗ್ ಗಾಡಿ' ಅಂದರೆ ಕುಲಗೆಟ್ಟ ಗಾಡಿ. ಎಷ್ಟು ಗುದ್ದಿರಲಿ, ಎಷ್ಟು ಬಡಿದಿರಲಿ, ಪಿಲ್ಲರ್ ಕೊಯ್ಯದೆ ನೆಟ್ಟಗೆ ಮಾಡಿದರೆ ಗಾಡಿಗೂ ಮರ್ಯಾದೆ, ಮಿಸ್ತ್ರಿಗೂ ಮರ್ಯಾದೆ. ಕೊಯ್ದರೆ ಅದು ತಲೆ ಕತ್ತರಿಸಿ ಹಚ್ಚಿದ ಹಾಗೆ, ಮುಂದೆ ಯಾರೂ ಮೂಸುವುದಿಲ್ಲ. ಹಳೇ ಗಾಡಿ ಕೊಳ್ಳುವವರು ಮೊದಲು ಬಾಗಿಲಿನ ರಬ್ಬರು ಎಳೆದು, ಪಿಲ್ಲರಿನ ಬುಡದಲ್ಲಿ ವೆಲ್ಡಿಂಗ್ ಗುರುತು ಇದೆಯೋ ಅಂತ ಬೆರಳಿಂದ ಸವರಿ ನೋಡುತ್ತಾರೆ. ಉಸ್ತಾದರು ತಮ್ಮ ಜನ್ಮದಲ್ಲಿ ಒಂದು ಪಿಲ್ಲರನ್ನೂ ಕೊಯ್ದವರಲ್ಲ. ಲಾರಿ ಕೆಳಗೆ ಹೊಕ್ಕ ಜೀಪುಗಳನ್ನೂ ಬರೇ ಬೆಂಕಿ, ಸರಪಳಿ, ಹಥೋಡಿಯಿಂದ ಎಬ್ಬಿಸಿ ನಿಲ್ಲಿಸಿದ್ದಾರೆ. ನಾನು ಕಣ್ಣಾರೆ ನೋಡಿದ್ದೇನೆ, ಸರಪಳಿ ಹಿಡಿದಿದ್ದೇನೆ.

"ನೋಡ್ ಬೇಟಾ," ಅಂದರು, "ಕೊಯ್ಯಾವ ದರ್ಜಿ. ಬಡಿಯಾವ ಮಿಸ್ತ್ರಿ."

ಬಟ್ಟೆ ಅಂಗಡಿಯ ಅಳಿಯ ನೆಲ ನೋಡಿದ. ಪೇಂಟರ್ ಕಿಸಕ್ಕನೆ ನಕ್ಕು, ಕೆಮ್ಮು ಬಂದವರ ಹಾಗೆ ಮಾಡಿದ.

"ನಿಮ್ಮ ಕಾಲದ ತಗಡು ಬ್ಯಾರೆ ಇತ್ತರಿ," ಅಂದೆ. "ಇದು ಗಟ್ಟಿ ಮಾಡಿದ ಉಕ್ಕು. ಫ್ಯಾಕ್ಟರಿದಾಗ ಕೆಂಪಗ ಕಾಸಿ, ಒತ್ತಿ, ಅಲ್ಲೇ ಒಮ್ಮಿಗೇ ತಣ್ಣಗ ಮಾಡಿರ್ತಾರ. ಅದರ ತಾಕತ್ತೆಲ್ಲ ಅದ್ರಾಗ ಅದ. ನಾವು ಮತ್ತೊಮ್ಮಿ ಬೆಂಕಿ ತೋರ್ಸಿದ್ವಿ ಅಂದ್ರ ಸತ್ತು ಹೋಗ್ತದ."

"ತಗಡು ಸಾಯ್ತದಾ?"

"ಸಾಯ್ತದ್ರಿ."

"ಹೈದರಾಬಾದ್‌ದಾಗ ಕಲ್ತಿಯಾ ಇದನ್ನ?"

"ಹೈದರಾಬಾದ್‌ದಾಗ ಕೇಳ್ದೆ. ಇಲ್ಲಿ ಮಾಡಿ ನೋಡಿ ಕಲ್ತೆ."

ಬಾಯಿಮಾತು ಸಾಕು ಅನಿಸಿತು. ಶೆಡ್ಡಿನ ಹಿಂದೆ ಗುಜರಿಗೆ ಹೋಗಬೇಕಾದ ಇನ್ನೊಂದು ಗಾಡಿಯ ಪಿಲ್ಲರು ಬಿದ್ದಿತ್ತು, ಇಂಥದೇ ಉಕ್ಕು. ಅದರಿಂದ ಎರಡು ಪಟ್ಟಿ ಕೊಯ್ದೆ. ಒಂದನ್ನು ಹಾಗೇ ಇಟ್ಟೆ. ಇನ್ನೊಂದಕ್ಕೆ ಗ್ಯಾಸ್ ತೋರಿಸಿ ಕೆಂಪಗೆ ಮಾಡಿ, ತಾನಾಗಿ ಆರಲು ಬಿಟ್ಟೆ. ಉಸ್ತಾದರು ಕೈ ಕಟ್ಟಿಕೊಂಡು ನೋಡುತ್ತಿದ್ದರು. ಆರಿದ ಮೇಲೆ ಎರಡನ್ನೂ ಮೇಜಿನ ವೈಸ್ ಇಕ್ಕಳಕ್ಕೆ ಬಿಗಿದು, ಗೋಡೆಯ ಹಥೋಡಿ ತೆಗೆದು ಅವರ ಕೈಗೇ ಕೊಟ್ಟೆ. "ಹೊಡೀರಿ."

ಬೆಂಕಿ ಕಾಣದ ಪಟ್ಟಿಗೆ ಹೊಡೆದರು. ಹಥೋಡಿ ಪುಟಿದು ಹಿಂದೆ ಬಂತು, ಅವರ ಮೊಣಕೈ ಜುಮ್ಮೆಂದಿರಬೇಕು. ಸುಟ್ಟ ಪಟ್ಟಿಗೆ ಹೊಡೆದರು. ಅದು ಡಾಲ್ಡಾ ಡಬ್ಬಿಯ ಮುಚ್ಚಳದ ಹಾಗೆ ಮಲಗಿತು. ನಾನು ಮನಸ್ಸಿನಲ್ಲಿ ಗೆದ್ದೆ ಅಂದುಕೊಂಡೆ. ಇನ್ನು ಅವರು ತಲೆ ಆಡಿಸುತ್ತಾರೆ, ಚಹಾ ಇನ್ನೊಂದು ಬರುತ್ತದೆ, ಮಾತು ಮುಗಿಯುತ್ತದೆ ಅಂತ.

ಉಸ್ತಾದರು ಬಗ್ಗಿದ ಪಟ್ಟಿಯನ್ನು ಪ್ರೀತಿಯಿಂದ ಮುಟ್ಟಿ ನೋಡಿದರು. "ಅದಕ್ಕೇ ಹೇಳಾಕತ್ತೀನಿ ಬೇಟಾ," ಅಂದರು. "ನೋಡು, ಬೆಂಕಿ ತೋರ್ಸಿದ್ರ ಹ್ಯಾಂಗ ಮಾತ್ ಕೇಳ್ತದ."

ಅವರು ಮೊಂಡುತನಕ್ಕೆ ಹೇಳಲಿಲ್ಲ. ಜನ್ಮವೆಲ್ಲ ತಗಡನ್ನು ಮಾತು ಕೇಳಿಸಿದವರು. ಅವರ ಕಣ್ಣಿಗೆ ಕಂಡದ್ದು ಅದೇ.

"ನಮ್ಮ ಮಾತು ಕೇಳ್ತದ ಖರೆ," ಅಂದೆ. "ನಾಳಿ ಲಾರಿ ಬಂದು ಬಡಿದ್ರ ಲಾರಿ ಮಾತೂ ಕೇಳ್ತದ್ರಿ ಉಸ್ತಾದ್."

ಬಾಜೂಕಿನ ಮಿಲ್ಲು ತನ್ನ ಪಾಡಿಗೆ ಬೇಳೆ ಒಡೆಯುತ್ತಿತ್ತು. ಅಳಿಯ ನಡುವೆ ಬಂದ. "ಮಾಮು, ಭಾಯಿ, ಹಿಂಗ್ ಮಾಡ್ರಿ. ಅರ್ಧಾ ಬಡ್ದು ಅರ್ಧಾ ಕೊಯ್ದ್ರ?"

"ನೀ ಸುಮ್ ನಿಂದ್ರು," ಅಂತ ನಾವಿಬ್ಬರೂ ಒಟ್ಟಿಗೇ ಅಂದೆವು.

ಉಸ್ತಾದರು ನನ್ನ ಕಡೆ ತಿರುಗಿದರು. ಈ ಸಲ ಬೇಟಾ ಅನ್ನಲಿಲ್ಲ. "ಮಿಸ್ತ್ರಿ ಸಾಬ್, ನಾ ಹೇಳ್ದಂಗ ಮಾಡ್ತೀರೋ ಇಲ್ಲೋ?"

"ಈ ಗಾಡಿಗೆ ಬೆಂಕಿ ತೋರ್ಸೂದಿಲ್ರಿ. ಬ್ಯಾರೆ ಶೆಡ್ಡಿಗೆ ಒಯ್ಯೂದಿದ್ರ ಒಯ್ರಿ, ಕ್ರೇನ್ ನಾನೇ ಕರೀತೀನಿ. ನನ್ನ ಕೈಲಿಂದ ಆಗೂದಿಲ್ಲ."

"ನಕ್ಕೋ," ಅಂದರು. "ಕ್ರೇನ್ ಬ್ಯಾಡ." ಹಥೋಡಿ ಅವರ ಕೈಯಲ್ಲೇ ಇತ್ತು. ಅದನ್ನು ಎರಡು ಕಡೆ ತಿರುಗಿಸಿ ನೋಡಿದರು. "ಇದು ನಂದು. ಒಯ್ತೀನಿ."

ನಾನು ಕಾಲು ಹಿಡಿಯಲಿಲ್ಲ, ಕೈ ಮುಗಿಯಲಿಲ್ಲ. "ಕೊಡ್ರಿ ಒಂದ್ ನಿಮಿಷ," ಅಂತ ಇಸಿದುಕೊಂಡು, ಅದಕ್ಕೆ ಹತ್ತಿದ ಮಸಿ ಒರೆಸಿದೆ, ಬಟ್ಟೆಗೆ ಎಣ್ಣೆ ಹಚ್ಚಿ ತಲೆ, ಹಿಡಿಕೆ ಎಲ್ಲ ಉಜ್ಜಿದೆ, ಎರಡೂ ಕೈಯಿಂದ ಕೊಟ್ಟೆ. ಅವರು ಅದನ್ನು ಅಂಗಿಯ ಕೆಳಗೆ ಸೊಂಟಕ್ಕೆ ಸಿಗಿಸಿಕೊಂಡು, ಅಳಿಯನನ್ನೂ ಕಾಯದೆ ಆಟೋ ಹತ್ತಿದರು.

ಸಂಜೆಯ ಹೊತ್ತಿಗೆ ನಂದೂರಿನ ಶೆಡ್ಡುಗಳಿಗೆಲ್ಲ ಸುದ್ದಿ ಹಬ್ಬಿತ್ತು. ಪೇಂಟರ್ ಡಬ್ಬಿ ಹಿಡಿದುಕೊಂಡು ಬಂದ. "ಬೋರ್ಡ್ ಮ್ಯಾಲಿನ ಉಸ್ತಾದರ ಹೆಸರು ಅಳಸ್ಲಿ? ಮಂದಿ ಕೇಳ್ಲಾಕತ್ತಾರ."

"ಹಥೋಡಿ ಅವರು ಕೊಟ್ಟಿದ್ದು, ಒಯ್ದ್ರು. ಬೋರ್ಡ್ ನಾ ಬರ್ಸಿದ್ದು. ಇರ್ತದ."

"ನಾಳಿ ಅವರೇ ಬಂದು ಅಳಸು ಅಂದ್ರ?"

"ನಿಚ್ಚಣಿಕಿ ಕೊಡ್ತೀನಿ, ಹತ್ತಿ ಅವರೇ ಅಳಸ್ಲಿ."

ಗಾಡಿ ಹಾಗೇ ನಿಂತಿತ್ತು. ಅಳಿಯನಿಗೆ ಮಾವನ ಮಾತು ಮೀರುವ ಧೈರ್ಯವಿಲ್ಲ, ಗಾಡಿ ಒಯ್ಯುವ ಧೈರ್ಯವೂ ಇಲ್ಲ. ಮರುದಿನ ಮುಂಜಾನೆ ಉಸ್ತಾದರ ಮಗಳು ಕಮಲಾಪುರದ ಬಸ್ಸಿಗೆ ಒಬ್ಬಳೇ ಬಂದಳು, ಒಂದು ಕೈ ಕೊರಳಿಗೆ ಕಟ್ಟಿಕೊಂಡು. ನಾನು ಕೆಲಸ ಕಲಿಯುವಾಗ ಅಪ್ಪನ ಊಟದ ಡಬ್ಬಿ ತರುತ್ತಿದ್ದ ಹುಡುಗಿ. ಬಂದವಳು ಕೂಡಲಿಲ್ಲ, ನೇರ ಗಾಡಿಯ ಹತ್ತಿರ ಹೋದಳು.

"ಭಾಯಿ, ಅಬ್ಬಾ ಹೇಳ್ದಂಗ ಮಾಡಿದ್ರ ಏನಾಗ್ತದ?"

"ನೋಡಾಕ ಏನೂ ಆಗೂದಿಲ್ಲ. ಚಂದ ಕಾಣ್ತದ. ಮತ್ತೊಮ್ಮಿ ಯಾವ್ದರೆ ಬಡೀತಂದ್ರ ಪಿಲ್ಲರ್ ತಡಿಯೂದಿಲ್ಲ, ಒಳಗ ಬರ್ತದ."

"ಎಷ್ಟ್ ಒಳಗ?"

ನಾನು ಹರಿದ ಸೀಟಿನ ಮೇಲೆ, ಕೂತವರ ಭುಜ ಬರುವ ಜಾಗಕ್ಕೆ ಕೈ ಒಯ್ದು ತೋರಿಸಿದೆ. ಅವಳು ನನ್ನ ಕೈ ನೋಡಿದಳು, ತನ್ನ ಕಟ್ಟಿದ ತೋಳು ನೋಡಿಕೊಂಡಳು.

"ಆ ಸೀಟಿನ್ಯಾಗ ಕೂಡಾಕಿ ನಾ. ಕೊಯ್ರಿ," ಅಂದಳು. ಹೊರಟವಳು ತಿರುಗಿ ಮತ್ತೊಂದು ಮಾತು ಹೇಳಿದಳು. "ಹಥೋಡಿ ಸಲುವಾಗಿ ಅಬ್ಬಾನ ಮುಂದ ನಾ ಮಾತಾಡ್ತೀನಿ ಅಂತ ತಿಳ್ಕೋಬ್ಯಾಡ್ರಿ. ಅದು ನೀವ್ ನೀವೇ ನೋಡ್ಕೋರಿ. ಇಬ್ಬರಿಗೂ ತಲಿ ಕೆಟ್ಟದ."

ಕೊಯ್ದೆ. ಹಾಗಂತ ಗರಗಸ ತಗೊಂಡು ಮರ ಕಡಿದ ಹಾಗೆ ಅಲ್ಲ. ಮೊದಲು ಒಳಗಿನ ಸೀಟು, ನೆಲದ ಹಾಸು, ವೈರು, ಬೆಲ್ಟು ಎಲ್ಲ ಬಿಚ್ಚಿದೆ. ಗಾಡಿಯನ್ನು ಚೌಕಟ್ಟಿನ ಮೇಲೆ ಬಿಗಿದು, ಸುತ್ತಲಿನ ಮೈ ಎಲ್ಲೆಲ್ಲಿ ಸರಿದಿದೆ ಅಂತ ಅಳೆದು, ಸರಪಳಿ ಹಾಕಿ ಸ್ವಲ್ಪ ಸ್ವಲ್ಪ ಜಗ್ಗಿ ಜಾಗಕ್ಕೆ ತಂದೆ. ಪಿಲ್ಲರನ್ನು ಮೈಗೆ ಹಿಡಿದಿಟ್ಟ ಒಂದೊಂದು ವೆಲ್ಡಿಂಗ್ ಚುಕ್ಕೆಯನ್ನೂ ಕೊರೆದು ಬಿಡಿಸಬೇಕು. ಸಾದಾ ಡ್ರಿಲ್ಲಿನ ಮೊನೆ ಅದರ ಮೇಲೆ ಕಿರುಚುತ್ತದೆ, ಹಲ್ಲು ಹೋಗುತ್ತದೆ, ಕೊರೆಯುವುದಿಲ್ಲ. ಅದಕ್ಕೆಂದೇ ಮಾಡಿದ ಮೊನೆ ಹೈದರಾಬಾದಿನಿಂದ ತಂದಿಟ್ಟಿದ್ದೆ. ಕೊಯ್ಯುವ ಜಾಗವೂ ನನ್ನ ಮನಸ್ಸಿಗೆ ಬಂದಲ್ಲಿ ಅಲ್ಲ, ಗಾಡಿ ಮಾಡಿದವರು ಎಲ್ಲಿ ಹೇಳಿದ್ದಾರೋ ಅಲ್ಲೇ. ಹೊಸ ಪಿಲ್ಲರ್ ಬಂದ ಮೇಲೆ ಅದನ್ನು ನಿಲ್ಲಿಸಿ, ಬಾಗಿಲು ತೂಗಿಸಿ ನೋಡಿ, ಇಳಿಸಿ, ಮತ್ತೆ ನಿಲ್ಲಿಸಿ, ಬಾಗಿಲಿನ ಸಂದು ಮೇಲಿಂದ ಕೆಳಗೆ ಒಂದೇ ಸಮ ಬಂದಾಗಲೇ ವೆಲ್ಡಿಂಗ್ ಹಚ್ಚಿದೆ. ತುಕ್ಕು ಹಿಡಿಯದ ಹಾಗೆ ಒಳಗೆಲ್ಲ ಮೇಣದಂಥ ಔಷಧಿ ಹೊಡೆದೆ. ಬೆಲ್ಟು, ಏರ್‌ಬ್ಯಾಗು, ಪೆಟ್ಟು ಬಿದ್ದದ್ದನ್ನು ಏರ್‌ಬ್ಯಾಗಿಗೆ ತಿಳಿಸುವ ಸಣ್ಣ ಡಬ್ಬಿ, ಮೂರೂ ಹೊಸವು. ಹಳೇ ಬೆಲ್ಟು, ಡಬ್ಬಿ ನೋಡಲು ಸರಿಯಿದ್ದವು ಅಂತ ಪೇಂಟರ್ ಅಂದ. ನೋಡಲು ಸರಿ ಇರುವುದರ ಸಲುವಾಗಿಯೇ ಅಲ್ಲವೇ ಇಷ್ಟು ಜಗಳ ಅಂದೆ.

ಸ್ಟೇಶನ್ ಬಜಾರದಿಂದ ಒಂದು ಹೊಸ ಹಥೋಡಿ ತಂದಿದ್ದೆ. ಅದರ ತೂಕ ಕೈಗೆ ಒಗ್ಗಲಿಲ್ಲ. ಹೊಡೆದ ಕಡೆ ಬೀಳದು, ಬಿದ್ದ ಕಡೆ ನಿಲ್ಲದು. ಅಂಗೈಯಲ್ಲಿ ಬೊಬ್ಬೆ ಎದ್ದವು, ಕೆಲಸ ಕಲಿಯುವ ಹೊತ್ತಿನಲ್ಲಿ ಎದ್ದಿದ್ದವಲ್ಲ, ಅದೇ ಜಾಗದಲ್ಲಿ. ಬೊಬ್ಬೆ ಒಡೆದವು, ಚರ್ಮ ಗಟ್ಟಿಯಾಯಿತು. ನನಗೂ ಹಥೋಡಿಗೂ ಒಂದು ರಾಜಿ ಆಯಿತು.

ಗಾಡಿ ಕೊಡುವ ದಿನ ಅಳಿಯ ಬಂದ. ಅವನ ಹಿಂದೆ ಆಟೋದಿಂದ ಇಳಿದವರು ಉಸ್ತಾದರು. ನನಗೆ ನಮಸ್ಕಾರವಿಲ್ಲ, ಸಲಾಮಿಲ್ಲ. ತಲೆ ಎತ್ತಿ ಬೋರ್ಡು ನೋಡಿದರು. ತಮ್ಮ ಹೆಸರನ್ನು ಪೂರ್ತಿ ಓದಿದರು ಅಂತ ಕಾಣುತ್ತದೆ, ಅಷ್ಟು ಹೊತ್ತು ನೋಡಿದರು. ನಿಚ್ಚಣಿಕೆ ಕೇಳಲಿಲ್ಲ. ಗಾಡಿಯ ಹತ್ತಿರ ಬಂದು ರಬ್ಬರು ಎಳೆದು, ಪಿಲ್ಲರಿನ ಬುಡಕ್ಕೆ ಬೆರಳು ಹಾಕಿ ಸವರಿದರು. ಅಳಿಯನ ಕಡೆ ಕೈ ಚಾಚಿದರು. "ಚಾವಿ ತಾ."

ನಾನು ಕೈ ಒರೆಸಿಕೊಂಡು ಎಡಗಡೆಯ ಬಾಗಿಲಿಗೆ ಬಂದೆ.

"ಆ ಸೀಟಿನ್ಯಾಗ ನನ್ನ ಶಾಗಿರ್ದ ಕೂಡ್ತಾನ," ಅಂದರು, ನನ್ನನ್ನು ನೋಡದೆ.

"ಆ ಸೀಟಿನ್ಯಾಗ ಗಾಡಿ ರಿಪೇರಿ ಮಾಡ್ದವ ಕೂಡ್ತಾನ. ಕಾಯದೆ ನಿಮ್ದೇ ಅದ." ಬಾಗಿಲು ತೆಗೆದು ಕೂತೆ. ಬೆಲ್ಟು ಎಳೆದು ಹಾಕಿಕೊಂಡೆ.

ಅವರು ಇಳಿ ಅನ್ನಲಿಲ್ಲ. ಅಳಿಯ ಹಿಂದೆ ಹತ್ತಿದ. ಉಸ್ತಾದರು ಕಿಟಕಿ ಏರಿಸಿ, ಎಸಿ ಬಂದ್ ಮಾಡಿ, ಮೊದಲು ಮಿಲ್ಲುಗಳ ಹಿಂದಿನ ಒಡಕು ರಸ್ತೆ ಹಿಡಿದರು. ಒಂದು ತಗ್ಗನ್ನೂ ಬಿಡಲಿಲ್ಲ. ಆಮೇಲೆ ಊರು ದಾಟಿ ಕಮಲಾಪುರದ ದಾರಿ. ಬಿಸಿಲಿಗೆ ಒಳಗೆ ಬೇಯುತ್ತಿದ್ದೆವು.

"ಮಾಮು, ಥೋಡೆ ಎಸಿ ಹಾಕ್ರಲಾ," ಅಂದ ಅಳಿಯ.

"ಚುಪ್."

ಟ್ರ್ಯಾಕ್ಟರ್ ಬಂದು ಗುದ್ದಿದ ಜಾಗ ಬಂತು. ಗಾಜಿನ ಚೂರು ಇನ್ನೂ ಮಣ್ಣಿನಲ್ಲಿ ಮಿನುಗುತ್ತಿತ್ತು. ಉಸ್ತಾದರು ಅಲ್ಲಿ ನಿಧಾನ ಮಾಡಿ, ರಸ್ತೆ ಬಿಟ್ಟು, ಅದೇ ಹೊಲದ ದಾರಿಗೆ ಇಳಿಸಿದರು. ಟ್ರ್ಯಾಕ್ಟರ್ ಗಾಲಿ ಕೊರೆದ ಎರೆ ಮಣ್ಣು ಒಣಗಿ ಕಲ್ಲಾಗಿತ್ತು. ಗಾಡಿ ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ಹೊಯ್ದಾಡಿತು. ನನ್ನ ಭುಜ ಪಿಲ್ಲರಿಗೆ ತಾಗಿತು. ಉಸ್ತಾದರ ಕಿವಿ ನನ್ನ ಕಡೆಗೇ ಇತ್ತು, ಕಣ್ಣು ದಾರಿಯ ಮೇಲೆ. ಗಾಲಿಯ ಕೆಳಗೆ ಹೆಂಟೆ ಒಡೆಯುವ ಸದ್ದು ಬಿಟ್ಟರೆ ಏನಿಲ್ಲ. ದಾರಿ ಮುಗಿಯುವವರೆಗೆ ಹೋಗಿ, ಗಾಡಿ ತಿರುಗಿಸಿ, ಮತ್ತೆ ಅದೇ ದಾರಿಯಲ್ಲಿ ಬಂದರು.

ರಸ್ತೆಗೆ ಏರಿದ ಮೇಲೆ ಸ್ಟೇರಿಂಗಿಗೆ ಹೇಳಿದ ಹಾಗೆ ಹೇಳಿದರು, "ಬೋಲೀ ನಹೀಂ." ಗಾಡಿ ಮಾತಾಡಲಿಲ್ಲ ಅಂತ.

ನಾನು ಅಲ್ಲಿಗೇ ಬಿಡಬಹುದಿತ್ತು. ಬಿಡಲು ಮನಸ್ಸಾಗಲಿಲ್ಲ. "ಕಟಿಂಗ್ ಗಾಡೀರಿ ಉಸ್ತಾದ್," ಅಂದೆ.

"ಗೊತ್ತದ. ಕಟಿಂಗ್ ಅಂದ್ರ ಕಟಿಂಗೇ." ಎಸಿ ಹಾಕಿದರು.

ಕಮಲಾಪುರದ ಮನೆಯಲ್ಲಿ ಮಗಳು ಚಹಾ ಕೊಟ್ಟಳು, ತಟ್ಟೆ ತುಂಬ ಕೆಂಪು ಬಾಳೆಹಣ್ಣು ಇಟ್ಟಳು. ಪಡಸಾಲೆಯಲ್ಲಿ ಉಸ್ತಾದರ ಮಂಚ. ಮಂಚದ ಮೇಲಿನ ಕಿಟಕಿಯ ಕಟ್ಟೆಯಲ್ಲಿ, ಅವರ ಕನ್ನಡಕದ ಡಬ್ಬಿಯ ಬಾಜೂಕ ಹಥೋಡಿ ಇತ್ತು. ಧೂಳಿರಲಿಲ್ಲ. ನಾನು ನೋಡಿದ್ದನ್ನು ಅವರು ನೋಡಿದರು. ಇಬ್ಬರೂ ಹಣ್ಣು ಸುಲಿದುಕೊಂಡು ತಿಂದೆವು. ಅವರು ಕೊಡಲಿಲ್ಲ. ನಾನು ಕೇಳಲಿಲ್ಲ. ಚಹಾ ಮುಗಿದ ಮೇಲೆ ಎದ್ದು, ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಬಂದೆ. ಗಾಡಿಯಲ್ಲಿ ಬಿಡುತ್ತೇನೆ ಅಂತ ಅಳಿಯ ಹಿಂದೆ ಬಂದ. ಬ್ಯಾಡ ಅಂದೆ.

ಅದಾದ ಮೇಲೆ ನನ್ನ ಶೆಡ್ಡಿನಲ್ಲಿ ಇನ್ನೂ ಪಿಲ್ಲರುಗಳನ್ನು ಕೊಯ್ದಿದ್ದೇನೆ. ಕಟಿಂಗ್ ಮಿಸ್ತ್ರಿ ಅಂತ ನಂದೂರಿನಲ್ಲಿ ಕೆಲವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಬೋರ್ಡಿನ ಬಣ್ಣ ಮಾಸಿತ್ತು. ಉಸ್ತಾದರ ಹೆಸರನ್ನು ಪೇಂಟರನ ಕೈಯಿಂದ ಮತ್ತೊಮ್ಮೆ ಬರೆಸಿದೆ, ಮೊದಲಿಗಿಂತ ದಪ್ಪ. ಹಥೋಡಿ ಇನ್ನೂ ಕಮಲಾಪುರದಲ್ಲೇ ಇದೆ. ಕೊಟ್ಟರೆ ಎರಡೂ ಕೈ ಚಾಚಿ ಇಸಿದುಕೊಳ್ಳುತ್ತೇನೆ, ಅದಕ್ಕಾಗಿ ಪಿಲ್ಲರಿಗೆ ಬೆಂಕಿ ಮಾತ್ರ ತೋರಿಸುವುದಿಲ್ಲ.

ಮೊನ್ನೆ ಅವರ ಮಗಳು ಫೋನ್ ಮಾಡಿದ್ದಳು, ಬಂಪರಿಗೆ ಗೀರು ಬಿದ್ದಿದೆ ಅಂತ. ಮಾತಿಗೆ ಮಾತು ಬಂದು ಹೇಳಿದಳು. ಈಗ ಎಲ್ಲಿ ಹೋಗುವುದಿದ್ದರೂ ಅಬ್ಬಾ ಅವಳನ್ನು ಹಿಂದೆ ಕೂಡಿಸಿ, ತಾವೇ ಎಡಗಡೆ ಮುಂದಿನ ಸೀಟಿನಲ್ಲಿ ಕೂಡುತ್ತಾರಂತೆ.

"ನಿಮ್ಮ ಕೆಲಸದ ಮ್ಯಾಲ ನಂಬಿಕಿ ಇಲ್ಲ ಅಂತ ಕೂಡ್ತಾರೋ, ಅದ ಅಂತ ಕೂಡ್ತಾರೋ, ನಾ ಕೇಳಿಲ್ಲ ಭಾಯಿ."

"ಕೇಳಬ್ಯಾಡ," ಅಂದೆ. "ಕೂಡ್ಲಿ."